ಕತ್ತಿರಿ ಬಿಸಿಲಿನ ಸಂಡಿಗೆ

ಮದರಾಸಿನ ಬಿಸಿಲನ್ನು ಬಯ್ಯುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ವಿಮಾ ಕಚೇರಿಯಲ್ಲಿ ಯಾರೂ ಇರಲಿಲ್ಲ. ಊರಿನ ಹೆಸರು ಚೆನ್ನೈ ಎಂದು ಬದಲಾಗಿ ಎಷ್ಟೋ ಕಾಲವಾಯಿತು, ಆದರೆ ಬಯ್ಯುವಾಗ ನನಗೆ ಹಳೆಯ ಹೆಸರೇ ಬಾಯಿಗೆ ಒಗ್ಗುತ್ತದೆ. ಮದುವೆಯಾಗಿ ಮೈಸೂರಿನಿಂದ ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ಶುರುವಾದ ಬಯ್ಗುಳ ನಿವೃತ್ತಿಯ ಹೊಸ್ತಿಲಿಗೆ ಬಂದರೂ ಮುಗಿದಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ "ರಿಟೈರ್ ಆದ ಮಾರನೇ ದಿನವೇ ನಾನು ಮೈಸೂರಿಗೆ ಹೊರಟೆ" ಎಂದು ಒಮ್ಮೆ ಹೇಳದಿದ್ದರೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಸಹೋದ್ಯೋಗಿಗಳೂ ಕಡಿಮೆಯವರಲ್ಲ. ಬೆಳಿಗ್ಗೆ ನಾನು ಬೆವರು ಒರೆಸಿಕೊಳ್ಳುತ್ತಾ ಒಳಗೆ ಕಾಲಿಟ್ಟರೆ ಸಾಕು, "ಮೇಡಂ, ಇನ್ನುಂ ಮೈಸೂರ್ ಪೋಗಲಿಯಾ?" ಎಂದು ತಮಿಳಿನಲ್ಲಿ ಕೇಳಿ ಕಿಸಕ್ಕನೆ ನಗುತ್ತಿದ್ದರು. ಇನ್ನೂ ಹೋಗಿಲ್ಲವೇ ಅಂತ!

ಈ ಊರಿನ ಋತುಗಳು ನನಗೆ ಪಂಚಾಂಗದಿಂದ ತಿಳಿದವಲ್ಲ, ಮೈಯಿಂದ ತಿಳಿದವು. ದೀಪಾವಳಿಯ ಹೊತ್ತಿನ ಮಳೆ ಹಿಡಿಯಿತೆಂದರೆ ಟಿ. ನಗರದ ರಸ್ತೆಯಲ್ಲಿ ಸೀರೆ ಮೊಣಕಾಲಿಗೆ, ಚಪ್ಪಲಿ ಕೈಗೆ. ಮಾರ್ಗಳಿಯಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಚೂರು ತಂಗಾಳಿ ಬೀಸಿದರೆ ಇಡೀ ಮೈಲಾಪೂರ್ ಮಂಕಿ ಕ್ಯಾಪ್ ಹಾಕಿಕೊಂಡು "ಎನ್ನ ಕುಳಿರು!" ಎಂದು ನಡುಗುತ್ತದೆ. ನಾನು ಮೈಸೂರಿನವಳು, ಅದನ್ನು ನೋಡಿ ನಕ್ಕು ಫ್ಯಾನ್ ಇನ್ನಷ್ಟು ಜೋರು ಮಾಡುತ್ತಿದ್ದೆ. ಕೊನೆಗೆ ಮೇ ತಿಂಗಳು ಬರುತ್ತದೆ. ಆಗ ಸುರಿಯುವ ಕೆಂಡದಂಥ ಬಿಸಿಲಿಗೆ ಇಲ್ಲಿಯವರು ಕತ್ತಿರಿ ಎನ್ನುತ್ತಾರೆ. ನನ್ನ ನಿವೃತ್ತಿಯೂ ಸರಿಯಾಗಿ ಆ ತಿಂಗಳ ಕೊನೆಗೇ ಬಿದ್ದಿತ್ತು.

ಆದರೆ ಕಚೇರಿಯಲ್ಲಿ ಹೇಳದ ಮಾತೊಂದಿತ್ತು. ನಮ್ಮ ಮನೆಯ ಸಂಡಿಗೆಗೆ ಆ ಬಿಸಿಲೇ ಬೇಕು. ಪ್ರತಿ ಬೇಸಿಗೆಯಲ್ಲೂ ನಸುಕಿಗೆ ಎದ್ದು ಅಕ್ಕಿ ಹಿಟ್ಟು ಕಾಸಿ, ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಹಾಕಿ, ನಿಂಬೆರಸ ಹಿಂಡಿ, ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಚಕ್ಕುಲಿ ಒರಳಿನಲ್ಲಿ ಒತ್ತುತ್ತೇನೆ. ಕಾಗೆ ಕಾಯುವುದು ನಮ್ಮ ಯಜಮಾನರ ಇಲಾಖೆ. ರೈಲ್ವೆಯಿಂದ ನನಗಿಂತ ಮೊದಲೇ ನಿವೃತ್ತರಾದ ಅವರು ಮಾತು ಕಡಿಮೆ ಆಡುವ ಮನುಷ್ಯ. ಕಪ್ಪು ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು, ಕಾಗೆ ಇಳಿದಾಗಲೆಲ್ಲ ಪೇಪರ್ ಸುರುಳಿ ಸುತ್ತಿ ಬೀಸುತ್ತಾರೆ. ಎರಡು ದಿನಕ್ಕೆ ಸಂಡಿಗೆ ಗಲಗಲ ಅನ್ನುತ್ತದೆ. ಒಂದು ದೊಡ್ಡ ಡಬ್ಬದ ತುಂಬ ಅದು ಮೈಸೂರಿಗೆ, ನನ್ನ ತಂಗಿಯ ಮನೆಗೆ ಹೋಗುತ್ತದೆ. ಒಯ್ಯುವುದಕ್ಕೆ ನನಗೆ ರಜೆ ಎಲ್ಲಿ? ಯಜಮಾನರ ರೈಲ್ವೆ ಸ್ನೇಹಿತರು ಯಾರಾದರೂ ಆ ಕಡೆ ಹೊರಟಿರುತ್ತಿದ್ದರು, ಅವರ ಕೈಗೆ ಕೊಟ್ಟು ಕಳಿಸುತ್ತಿದ್ದೆ. ತಂಗಿ ಡಬ್ಬವನ್ನು ಖಾಲಿ ಕಳಿಸಿದವಳಲ್ಲ, ಚಟ್ನಿಪುಡಿ ತುಂಬಿಯೇ ತಿರುಗಿ ಕಳಿಸುವಳು.

ಈ ವರ್ಷ ಯುಗಾದಿಯ ದಿನ ತಂಗಿಯ ಫೋನ್ ಬಂತು.

"ಅಕ್ಕ, ನಮ್ಮನೆ ಮಹಡಿ ಖಾಲಿಯಾಯ್ತು. ದಿನಾ ಯಾರಾದ್ರೂ ಬಾಡಿಗೆಗೆ ಕೇಳ್ಕೊಂಡು ಬರ್ತಾರೆ. ನಮ್ಮಕ್ಕ ಬರ್ತಾಳೆ ಅಂತ ಎಲ್ರನ್ನೂ ವಾಪಸ್ ಕಳಿಸ್ತಿದೀನಿ. ಬಂದು ನೋಡಿ ಒಂದು ಮಾತು ಹೇಳ್ಬಿಡು."

ಇಷ್ಟು ವರ್ಷ ಕಾದಿದ್ದ ಮಾತು. ಕುಣಿದಾಡಬೇಕಿತ್ತು. ಅದರ ಬದಲು ತಟ್ಟೆಯಲ್ಲಿ ಉಳಿದದ್ದನ್ನು ಪಕ್ಕಕ್ಕೆ ಸರಿಸಿದೆ. ಒಬ್ಬಟ್ಟು ಒಂದು ಹೆಚ್ಚಾಗಿರಬೇಕು ಅಂದುಕೊಂಡೆ.

"ನೀವೇನಂತೀರಿ ರೀ?" ಎಂದು ಯಜಮಾನರನ್ನು ಕೇಳಿದೆ.

"ನೀನು ಹೇಳಿದ ಹಾಗೆ," ಅಂದರು. ಆಮೇಲೆ ಮೂಲೆಯಲ್ಲಿದ್ದ ಕೊಡೆಯ ಕಡೆ ನೋಡಿ, "ಬಿಸಿಲು ಹ್ಯಾಗಿದೆ ಅಂತ ಒಂದ್ಸಲ ನೋಡ್ಕೊಂಡು ಬರೋಣ" ಅಂದರು.

ಇದು ನಮ್ಮತ್ತೆಯ ಕಾಲದ ನಿಯಮ. ಮನೆ ನೋಡಲು ಹೋದರೆ ಮೊದಲು ತಾರಸಿ ನೋಡು, ಸಂಡಿಗೆ ಒಣಗದ ಮನೆಯಲ್ಲಿ ಸಂಸಾರವೂ ಹಸಿಯಾಗಿಯೇ ಇರುತ್ತದೆ ಎನ್ನುತ್ತಿದ್ದರು. ಹಾಗಾಗಿ ಏಪ್ರಿಲ್‌ನಲ್ಲಿ ರಜೆ ಹಾಕಿ ಮೈಸೂರಿಗೆ ಹೊರಟಾಗ ನಮ್ಮ ಚೀಲದಲ್ಲಿ ಅಕ್ಕಿ ಹಿಟ್ಟು, ಒರಳು, ಪಂಚೆ ಎಲ್ಲ ಇದ್ದವು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೂ ತಮಿಳಿನಲ್ಲೇ ಉತ್ತರ ಕೊಡುವವಳು. "ಅಮ್ಮಾ, ಉನ್ನಾಲ ಅಂಗೆ ಒರು ವಾರಂ ಕೂಡ ಇರುಕ್ಕ ಮುಡಿಯಾದು" ಅಂದಳು. ನಾನು ಅಲ್ಲಿ ಒಂದು ವಾರವೂ ಇರಲಾರೆನಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

ತಂಗಿ ಬಾಗಿಲಲ್ಲೇ ಕಾದಿದ್ದಳು. ಮಹಡಿಯನ್ನು ಗುಡಿಸಿ ಸಾರಿಸಿ, ಹೊಸ್ತಿಲಿಗೆ ರಂಗೋಲಿ ಹಾಕಿದ್ದಳು. ನಾವಿಬ್ಬರೂ ಅದನ್ನು ದಾಟಿ ನೇರ ತಾರಸಿಗೆ ಹತ್ತಿದೆವು. "ಅಡಿಗೆಮನೆ ನೋಡಲ್ವೇನೇ?" ಎಂದು ಅವಳು ಹಿಂದಿನಿಂದ ಕೂಗುತ್ತಿದ್ದಳು.

ಮಾರನೆಯ ಬೆಳಿಗ್ಗೆ ಸಂಡಿಗೆ ಒತ್ತಿದೆವು. ಬಿಸಿಲೇನೋ ಬಂತು. ಆದರೆ ನೆಂಟರ ಮನೆಗೆ ಬಂದವರ ಹಾಗೆ ಸಂಕೋಚದ ಬಿಸಿಲು. ಮಧ್ಯಾಹ್ನ ಮುಟ್ಟಿ ನೋಡಿದರೆ ಬೆರಳಿಗೆ ಅಂಟುತ್ತಿತ್ತು.

"ನಮ್ಮೂರಲ್ಲಾಗಿದ್ರೆ ಇಷ್ಟೊತ್ತಿಗೆ ಒಂದು ಮಗ್ಗಲು ಒಣಗಿ ಹೋಗಿರ್ತಿತ್ತು," ಎಂದೆ.

"ಯಾವೂರು?" ಅಂದಳು ತಂಗಿ.

ಅಷ್ಟರಲ್ಲಿ ಚಾಮುಂಡಿ ಬೆಟ್ಟದ ಕಡೆಯಿಂದ ಮೋಡ ಏಳುತ್ತಿತ್ತು. ತಣ್ಣನೆ ಗಾಳಿ ಬೀಸಿತು, ಎಲ್ಲಿಂದಲೋ ಮಣ್ಣಿನ ವಾಸನೆ ಬಂತು. ಏಪ್ರಿಲ್‌ನ ಈ ಮಳೆಯನ್ನು ನಾನು ಕಚೇರಿಯಲ್ಲಿ ಎಷ್ಟು ವರ್ಣಿಸಿದ್ದೆನೆಂದರೆ, ಮೈಸೂರನ್ನೇ ಕಾಣದ ನಮ್ಮ ಕ್ಯಾಷಿಯರ್ ಕೂಡ ಅದನ್ನು ನೋಡಿದವರಂತೆ ಮಾತಾಡುತ್ತಿದ್ದರು. ಆ ಮಳೆಯ ಮೊದಲ ಹನಿ ನನ್ನ ಹಣೆಯ ಮೇಲೆ ಬಿತ್ತು. ಕೈಚಾಚಿ ನಿಲ್ಲಬೇಕಾದ ಗಳಿಗೆ. ನಾನು ಮಾಡಿದ್ದೇನು?

"ಅಯ್ಯಯ್ಯೋ, ಮಳೈ! ಸೀಕ್ರಂ ವಾಂಗೋ!" ಎಂದು ಬೀದಿಗೆಲ್ಲ ಕೇಳುವ ಹಾಗೆ ತಮಿಳಿನಲ್ಲಿ ಕಿರುಚಿದೆ.

ಯಜಮಾನರು ಪಂಚೆ ಎತ್ತಿ ಕಟ್ಟಿ ಓಡಿ ಬಂದರು. ಸಂಡಿಗೆಯ ಬಟ್ಟೆಯ ಒಂದು ತುದಿಯನ್ನು ಅವರು ಮೆಟ್ಟಿಲ ಕಡೆಗೆ ಎಳೆದರು, ಇನ್ನೊಂದು ತುದಿಯನ್ನು ನಾನು ನೀರಿನ ಟ್ಯಾಂಕಿನ ಕಡೆಗೆ ಎಳೆದೆ. ನಡುವೆ ಇದ್ದ ಸಂಡಿಗೆಯೆಲ್ಲ ಜಾರಿ ಗಂಜಿಯಾಗಿ ನೀರು ಹೋಗುವ ಕೊಳವೆಯ ಬಾಯಿಗೆ ಸೇರಿತು. "ಈ ಹಾಳು ಮಳೆಗೆ ಹೊತ್ತು ಗೊತ್ತು ಬೇಡ್ವಾ? ಇದೂ ಒಂದು ಊರಾ?" ಎಂದು ನಾನು ಆಕಾಶಕ್ಕೆ ಕೈತೋರಿಸಿ ಬೈದೆ. ತಂಗಿ ಮೆಟ್ಟಿಲ ಬಾಗಿಲಲ್ಲಿ ನಿಂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಸಂಜೆ ಕಾಫಿ ಕುಡಿಯುವಾಗ ನನಗೆ ಚಳಿ ಹತ್ತಿತು. ಮಾರ್ಗಳಿಯ ಮಂಕಿ ಕ್ಯಾಪಿಗೆ ನಗುತ್ತಿದ್ದವಳು ಈಗ ತಂಗಿಯ ಶಾಲು ಕೇಳಿ ಹೊದ್ದುಕೊಂಡೆ.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಬಿಸಿಲು ಬಿಟ್ಟು ನೀನು ಇರ್ತೀಯಾ?"

ಸಿಕ್ಕಿಬಿದ್ದಾಗ ನನಗೆ ಮೊದಲು ಬರುವುದು ಸಿಟ್ಟು. "ಯಾವ ಬಿಸಿಲು? ಆ ಸುಡುಗಾಡು ಬಿಸಿಲಾ? ಅದನ್ನ ಯಾರು ಬಿಟ್ಟು ಇರಲ್ಲ?" ಎಂದು ಶುರು ಮಾಡಿದವಳು ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನಾನು ಹುಟ್ಟಿ ಆಡಿದ ಬೆಟ್ಟದ ಬುಡದಲ್ಲೇ ಕೂತಿದ್ದೆ, ಮನಸ್ಸು ಮಾತ್ರ ಮಧ್ಯಾಹ್ನ ಮೂರಕ್ಕೆ ಏಳುವ ಕಡಲ ಗಾಳಿಗೆ ಹಾತೊರೆಯುತ್ತಿತ್ತು. ಅಳು ಬಂದುಬಿಟ್ಟಿತು.

ಆಗ ಯಜಮಾನರು ಬಾಯಿ ಬಿಟ್ಟರು. "ನಂಗೂ ಅಲ್ಲಿನ ಕಾಗೆಗಳೇ ಅಭ್ಯಾಸ ಆಗ್ಹೋಗಿವೆ. ಇಲ್ಲಿಯವು ನನ್ನ ಮಾತು ಕೇಳಲ್ಲ."

ಎಲ್ಲರೂ ನಕ್ಕೆವು. "ಸರಿ ಬಿಡು, ಮಹಡಿ ಬೇರೆಯವ್ರಿಗೆ ಕೊಡ್ತೀನಿ," ಎಂದು ತಂಗಿ ಹಗುರವಾಗಿಯೇ ಹೇಳಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮೂರು ಲೋಟ ತೊಳೆಯಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಅವಳನ್ನು ನೋಯಿಸಿದೆನೆಂದು ನನಗೆ ಗೊತ್ತಾಯಿತು, ಆದರೂ ಕೂತಲ್ಲಿಂದ ಏಳಲಿಲ್ಲ.

ಕಚೇರಿಯಲ್ಲಿ ಈ ವಿಷಯ ಬಾಯಿಬಿಡುವ ಧೈರ್ಯ ನನಗೆ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟು ವರ್ಷ ಆಡಿದ ಮಾತನ್ನು ಎಲ್ಲಿಂದ ಹೆಕ್ಕಿ ತರಲಿ? ಮೇ ಕೊನೆಯ ದಿನದ ಬೀಳ್ಕೊಡುಗೆಯಲ್ಲಿ ಎಲ್ಲರೂ ಸೇರಿ, ಮೈಸೂರಿನ ಚಳಿಗೆಂದು, ಕೈಗೆತ್ತಿಕೊಂಡರೇ ಬೆವರುವಂಥ ಉಣ್ಣೆಯ ಸ್ವೆಟರ್ ಕೊಟ್ಟರು. ಹಾಕಿಕೊಂಡು ತೋರಿಸಲೇಬೇಕೆಂದರು. ಹಾಕಿಕೊಂಡೆ. ಆ ಸೆಕೆಯಲ್ಲಿ, ಹಾರದ ಮೇಲೆ ಹಾರ, ಸ್ವೆಟರಿನೊಳಗೆ ನಾನು. ನನ್ನ ಮುಖದಲ್ಲಿ ಇಳಿಯುತ್ತಿದ್ದ ನೀರನ್ನು ಅವರು ಕಣ್ಣೀರೆಂದುಕೊಂಡರು. ಅರ್ಧ ನಿಜವೇ.

ಮಾರನೆಯ ಬೆಳಿಗ್ಗೆ ಮೈಸೂರಿಗೆ ಹೊರಡಬೇಕಾದವಳು ತಾರಸಿಯ ಮೇಲೆ ಕೊಡೆಯ ಕೆಳಗೆ ಕೂತಿದ್ದೆ. ಯಜಮಾನರು ಪೇಪರಿನ ಸುರುಳಿಯನ್ನು ನನ್ನ ಕೈಗೆ ಕೊಟ್ಟು, "ಇನ್ಮೇಲೆ ಶಿಫ್ಟ್ ಪ್ರಕಾರ" ಅಂದರು. ಮೇ ತಿಂಗಳಲ್ಲಿ ಇಟ್ಟ ಸಂಡಿಗೆ ಆಗಲೇ ಡಬ್ಬ ಸೇರಿತ್ತು, ಎದುರಿಗೆ ಒಣಗುತ್ತಿದ್ದದ್ದು ಎರಡನೆಯ ಸುತ್ತಿನದು. ಅಲ್ಲಿಂದಲೇ ತಂಗಿಗೆ ಫೋನ್ ಮಾಡಿದೆ.

"ಸಂಡಿಗೆ ರೆಡಿ ಕಣೇ. ಯಾರ ಕೈಲಿ ಕಳಿಸೋದು ಅಂತ ನೋಡ್ತಿದೀನಿ."

ಆ ಕಡೆ ಓಡುತ್ತಿದ್ದ ಮಿಕ್ಸಿ ನಿಂತಿತು.

"ಅಕ್ಕ, ಇಷ್ಟು ವರ್ಷ ಸಂಡಿಗೆ ಬಂತು, ನೀನು ಬರ್ಲಿಲ್ಲ. ಮದುವೆ ಮುಂಜಿಗೆ ಬಂದ್ರೂ ಊಟ ಮಾಡಿ ಓಡಿ ಹೋಗ್ತಿದ್ದೆ. ರಜ ಇಲ್ಲ ಅಂತಿದ್ದೆ. ಈಗ್ಲೂ ಯಾರ ಕೈಲಾದ್ರೂ ಕಳಿಸ್ತೀಯಾ?"

ಅವಳಿಗೆ ಬೇಕಾಗಿದ್ದದ್ದು ಬಾಡಿಗೆದಾರರಲ್ಲ, ಅಕ್ಕ ಎಂಬುದು ಆಗ ನನ್ನ ದಡ್ಡ ತಲೆಗೆ ಹೋಯಿತು. ಸಂಡಿಗೆ ಪುಡಿಯಾಗದಂತೆ ಡಬ್ಬಕ್ಕೆ ಆ ಸ್ವೆಟರನ್ನೇ ಸುತ್ತಿ, ಕಾಗೆಗಳನ್ನು ಯಜಮಾನರ ವಶಕ್ಕೆ ಒಪ್ಪಿಸಿ, ರೈಲು ಹತ್ತಿದೆ.

ಮೈಸೂರಿನಲ್ಲಿ ಜಿಟಿಜಿಟಿ ಮಳೆ. ತಂಗಿ ಡಬ್ಬದಿಂದ ಸ್ವೆಟರ್ ಬಿಚ್ಚಿ ಒದರಿ ನನಗೆ ತೊಡಿಸಿ, ಕೈಹಿಡಿದು ಮಹಡಿಗೆ ಕರೆದುಕೊಂಡು ಹೋದಳು. ಹೊಸ್ತಿಲಲ್ಲಿ ಅದೇ ರಂಗೋಲಿ ಇತ್ತು, ಹೊಸದಾಗಿ ಹಾಕಿದ್ದು. ಒಳಗೆ ಅಕ್ಕಪಕ್ಕದಲ್ಲಿ ಎರಡು ಹಾಸಿಗೆ ಹಾಸಿತ್ತು.

"ಬಾಡಿಗೆಗೆ ಯಾರೂ ಸಿಗಲಿಲ್ವೇನೇ?" ಎಂದೆ.

"ಸಿಕ್ಕಿದಾರೆ," ಅಂದಳು, ಡಬ್ಬದ ಮುಚ್ಚಳ ತೆಗೆಯುತ್ತಾ. "ವರ್ಷಕ್ಕೊಂದ್ಸಲ ಬರ್ತಾರೆ, ಬಾಡಿಗೆ ಡಬ್ಬದಲ್ಲಿ ತರ್ತಾರೆ."