ಪೂಜೆಗೆ ತುಂಬಿಸಿಟ್ಟ ಪೆಟ್ರೋಲು

ನನ್ನ ಅಪ್ಪ ಗುಂಡ್ಲುಪೇಟೆಯಲ್ಲಿ ಮೊಪೆಡ್ ರಿಪೇರಿ ಮಾಡುತ್ತಿದ್ದರು. ಹಾಗಾಗಿ ಮದುವೆಯಾಗಿ ಊಟಿ ಕಡೆಗೆ ಬಂದಾಗ ನನ್ನ ಜೊತೆ ಒಂದು ಟ್ರಂಕು ಸೀರೆಯೂ, ಯಾರೂ ಕೇಳದ ಒಂದಿಷ್ಟು ತಿಳುವಳಿಕೆಯೂ ಬಂದವು. ಪ್ಲಗ್ಗಿನ ಮೂತಿ ಕಪ್ಪಾಗಿದ್ದರೆ ಏನರ್ಥ, ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲ್ ಹೆಚ್ಚಾದರೆ ಹೊಗೆ ಹೇಗಿರುತ್ತದೆ, ಹಳಸಿದ ಪೆಟ್ರೋಲು ಮೂಗಿಗೆ ಹೇಗೆ ಬಡಿಯುತ್ತದೆ ಎನ್ನುವುದೆಲ್ಲ ನನಗೆ ಸಾರಿಗೆ ಹಾಕುವ ಉಪ್ಪಿನಷ್ಟೇ ಸಲೀಸಾಗಿ ಗೊತ್ತಿತ್ತು. ಗಂಡನ ಮನೆಯಲ್ಲಿ ಉಪ್ಪಿನ ವಿಷಯ ಮಾತ್ರ ವಿಚಾರಿಸಿದರು.

ಊಟಿಯಿಂದ ಗೂಡಲೂರಿಗೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ನಮ್ಮ ಹತ್ತು ಹನ್ನೆರಡು ಮನೆಗಳಿದ್ದವು. ಎಲ್ಲರೂ ಒಂದು ಕಾಲಕ್ಕೆ ಮೈಸೂರು ಸೀಮೆಯಿಂದ ಘಾಟಿ ಹತ್ತಿ ಬಂದು, ಕ್ಯಾರೆಟ್ಟು, ಆಲೂಗೆಡ್ಡೆ, ಬೆಳ್ಳುಳ್ಳಿ ಬೆಳೆದುಕೊಂಡು ಇಲ್ಲೇ ಉಳಿದವರು. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಆಗ ಒಂದು ಲೀಟರ್ ಪೆಟ್ರೋಲು ಬೇಕೆಂದರೂ ಊಟಿಗೆ ಹೋಗಿಯೇ ತರಬೇಕಿತ್ತು.

ನಮ್ಮ ಮನೆಯಲ್ಲಿ ಒಂದು ಮಿಷಿನ್ ಗರಗಸ ಇತ್ತು. ಯಾವುದೋ ಟೀ ಎಸ್ಟೇಟಿನವರು ಹಳೆಯ ಸಾಮಾನು ಮಾರುವಾಗ ಮಾವ ಕೊಂಡು ತಂದದ್ದು. ಗಾಳಿಗೆ ಬಿದ್ದ ಮರಗಳನ್ನು ಕೊಯ್ದು ಕೊಡುವುದು ಅವರ ಉಪಕಸುಬಾಗಿತ್ತು. ವಾರಕ್ಕೆ ಎರಡು ದಿನವಾದರೂ ಅದರ ಸದ್ದು ಕೇಳುತ್ತಿತ್ತಂತೆ. ನಾನು ಬರುವ ಹೊತ್ತಿಗೆ ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ನನ್ನ ಗಂಡನಿಗೆ ತೋಟದ ಕೆಲಸವೇ ಕೈತುಂಬ. ಮಿಷಿನ್ನು ಆಲೂಗೆಡ್ಡೆ ಕೋಣೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತಿತ್ತು. ವರ್ಷಕ್ಕೆ ಎರಡೋ ಮೂರೋ ಸಲ ಅದನ್ನು ಎಬ್ಬಿಸುತ್ತಿದ್ದರು, ಅದೂ ಹಗ್ಗ ಎಳೆದೂ ಎಳೆದೂ ಭುಜ ಸೋತ ಮೇಲೆ.

ಆಯುಧಪೂಜೆಯ ದಿನ ಮಾತ್ರ ಅದಕ್ಕೆ ರಾಜಮರ್ಯಾದೆ. ಗುದ್ದಲಿ, ಕುಡುಗೋಲು, ಔಷಧಿ ಹೊಡೆಯುವ ಪಂಪು ಎಲ್ಲವನ್ನೂ ತೊಳೆದು ಪಡಸಾಲೆಯಲ್ಲಿ ಸಾಲಾಗಿ ಇಟ್ಟು, ನಡುವೆ ಮಿಷಿನ್ನನ್ನು ಕೂರಿಸುತ್ತಿದ್ದರು. ವಿಭೂತಿ, ಕುಂಕುಮ, ಚೆಂಡುಹೂವು ಆದಮೇಲೆ ಅತ್ತೆ ತಾವೇ ಕ್ಯಾನು ಎತ್ತಿ ಅದರ ಟ್ಯಾಂಕಿಗೆ ಪೆಟ್ರೋಲು ತುಂಬುತ್ತಿದ್ದರು. ಅರ್ಧವಲ್ಲ, ಕತ್ತಿನವರೆಗೆ. ಮುಚ್ಚಳ ಹಾಕಿದಾಗ ಒಂದೆರಡು ಹನಿ ಹೊರಗೆ ಜಿನುಗಿದರೆ ಅವರಿಗೆ ಸಮಾಧಾನ.

ಮೊದಲ ವರ್ಷವೇ ನಾನು ಬಾಯಿ ಹಾಕಿದೆ. ಉಪಯೋಗಿಸದ ಮಿಷಿನ್ನಿನಲ್ಲಿ ಪೆಟ್ರೋಲು ಬಿಡಬಾರದು, ಕೆಲವೇ ತಿಂಗಳಲ್ಲಿ ಅದು ಕೆಟ್ಟು ಒಳಗೆಲ್ಲ ಅಂಟಾಗುತ್ತದೆ, ಖಾಲಿ ಮಾಡಿ ಇಡುವುದು ಒಳ್ಳೆಯದು ಎಂದೆ.

“ಹಬ್ಬದ ದಿವ್ಸ ಬರಿ ಹೊಟ್ಟೇಲಿ ಯಾರನ್ನೂ ಕೂರಿಸಬಾರ್ದು ಕಣವ್ವ,” ಎಂದರು ಅತ್ತೆ. “ನಿಮ್ಮಾವ ಇದ್ದಾಗ್ಲೂ ನಾನು ಹಿಂಗೇ ತುಂಬ್ತಿದ್ದಿ. ಒಂದಿನಾನೂ ಅದು ಕೈ ಕೊಟ್ಟಿದ್ದಿಲ್ಲ.”

ಗಂಡ ಚಾವಣಿ ನೋಡಿದ. ಅಮ್ಮನಿಗೂ ಹೆಂಡತಿಗೂ ನಡುವೆ ಸಿಕ್ಕಿಕೊಂಡಾಗಲೆಲ್ಲ ನಮ್ಮ ಚಾವಣಿಯಲ್ಲಿ ಅವನಿಗೆ ಏನೋ ಕಾಣಿಸುತ್ತಿತ್ತು. ನನಗೆ ರೇಗಿತು. ಕೆಡಲಿ, ನನಗೇನು ಎಂದುಕೊಂಡು ಸುಮ್ಮನಾದೆ. ಆ ‘ನನಗೇನು’ ಎಂಬುದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ವರ್ಷದ ಆಷಾಢದಲ್ಲಿ ಐದು ದಿನ ಬಿಡದೆ ಗಾಳಿ ಬೀಸಿತು. ಆರನೆಯ ದಿನ ಬೆಳಿಗ್ಗೆ, ಹಾಲು ಕರೆಯುವ ಹೊತ್ತಿಗೆ, ಕೆಳಮನೆಯ ದೊಡ್ಡವ್ವನ ಕೊಟ್ಟಿಗೆಯ ಮೇಲೆ ಕರ್ಪೂರದ ಮರ ಬಿತ್ತು. ನೀಲಗಿರಿ ಮರವನ್ನು ನಮ್ಮ ಕಡೆ ಕರ್ಪೂರದ ಮರ ಎನ್ನುತ್ತಾರೆ. ದೊಡ್ಡವ್ವ ಒಂಟಿ ಹೆಂಗಸು, ಒಂದು ಹಸುವಿನ ಹಾಲು ಮಾರಿಕೊಂಡು ಯಾರ ಹಂಗೂ ಇಲ್ಲದೆ ಬದುಕುತ್ತಿದ್ದವರು. ಹಸು ತುಂಬು ಗಬ್ಬ. ಇವತ್ತೋ ನಾಳೆಯೋ ಈಯುವಂತಿತ್ತು.

ನಾವು ಓಡಿಹೋದಾಗ ದೊಡ್ಡವ್ವ ಗೋಡೆಯ ಸಂದಿಗೆ ಮುಖ ಇಟ್ಟು ಕೂತಿದ್ದರು. “ಒಳಗದ, ಬದುಕದ. ಉಸ್ರು ಕೇಳ್ತದ,” ಎಂದರು. ಅಳಲಿಲ್ಲ, ಅದೊಂದನ್ನೇ ಮತ್ತೆ ಮತ್ತೆ ಹೇಳಿದರು.

ಮರ ತಗಡಿನ ಸೂರನ್ನು ಬಗ್ಗಿಸಿ ಬಾಗಿಲಿಗೆ ಅಡ್ಡವಾಗಿ ಬಿದ್ದಿತ್ತು. ಸೂರಿನ ತೊಲೆ ಮೇವು ಹಾಕುವ ಕಲ್ಲಿನ ಗೊಂತಿನ ಮೇಲೆ ನಿಂತದ್ದರಿಂದ ಅದರಾಚೆಯ ಮೂಲೆಯಲ್ಲಿ ಹಸು ಉಳಿದುಕೊಂಡಿತ್ತು. ನನ್ನ ಗಂಡ ಕೊಡಲಿಯಿಂದ ಒಂದೇಟು ಹಾಕಿದ. ಮರ ಅದುರಿ ತೊಲೆ ನಾಲ್ಕು ಬೆರಳು ಕೆಳಗೆ ಜಾರಿತು. ಎರಡನೆಯ ಏಟು ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಕೈಗರಗಸಕ್ಕೆ ಆ ದಪ್ಪ ಬಗ್ಗುವಂತಿರಲಿಲ್ಲ. ಅಲುಗಾಡಿಸದೆ ಕೊಯ್ಯಬೇಕಾದರೆ ಮಿಷಿನ್ನೇ ಆಗಬೇಕು.

ಹಬ್ಬ ಆದಮೇಲೆ ಒಮ್ಮೆಯೂ ಎಬ್ಬಿಸದ ಮಿಷಿನ್ನನ್ನು ಗಂಡ ಹೊತ್ತು ತಂದು ಹಗ್ಗ ಎಳೆದ. ಚೋಕ್ ಹಾಕಿ ಎಳೆದ, ತೆಗೆದು ಎಳೆದ. ಅದು ಒಂದು ಕೆಮ್ಮು ಕೂಡ ಕೆಮ್ಮಲಿಲ್ಲ. ಅತ್ತೆ ಪಕ್ಕದಲ್ಲಿ ನಿಂತು, “ಟ್ಯಾಂಕಿ ತುಂಬ ಅದ ಕಣಪ್ಪ, ನಾನೇ ತುಂಬಿವ್ನಿ, ಎಳಿ,” ಎನ್ನುತ್ತಿದ್ದರು. ನಾನು ಮುಚ್ಚಳ ತೆಗೆದು ಮೂಸಿದೆ. ಬಾಗಿಲಿಗೆ ಬಳಿಯುವ ವಾರ್ನಿಷ್ಷಿನ ವಾಸನೆ. ಒಂದಿಷ್ಟು ಲೋಟಕ್ಕೆ ಬಗ್ಗಿಸಿದರೆ ಕಡುಗಂದು ಬಣ್ಣ.

“ಅದರೊಳಗೆ ಇರೋದು ಪೆಟ್ರೋಲಲ್ಲ, ನಿಮ್ಮ ಪೂಜೆ,” ಎಂದೆ. “ಎಂಟು ತಿಂಗಳಿಂದ ಕೊಳೀತಾ ಇದೆ. ನಾನು ಹೇಳಿದಾಗ ಯಾರು ಕೇಳಿದ್ರಿ?”

ಊರವರ ಮುಂದೆ ಹಾಗೆ ಅಂದುಬಿಟ್ಟೆ. ಅತ್ತೆಯ ಮುಖ ಸಣ್ಣದಾಯಿತು. ತುಂಬಿಸಿದರೆ ತಮ್ಮ ಗಂಡ ದುಡಿದ ವಸ್ತುವಿಗೆ ಕ್ಷೇಮ ಎಂದು ನಂಬಿದ್ದ ಹೆಂಗಸು ಅವರು. ವಾರಕ್ಕೆರಡು ದಿನ ಮರ ಕೊಯ್ಯುತ್ತಿದ್ದ ಮಾವನ ಕೈಯಲ್ಲಿ ಆ ಪೆಟ್ರೋಲು ಹಳತಾಗುತ್ತಲೇ ಇರಲಿಲ್ಲ. ಪದ್ಧತಿಯಲ್ಲಿ ತಪ್ಪಿರಲಿಲ್ಲ, ಮಾವ ಇರಲಿಲ್ಲ, ಅಷ್ಟೇ. ಇದು ಆಗ ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಸೊಸೈಟಿಗೆ ಹಾಲು ಒಯ್ಯುವವನು ಮೊಪೆಡ್ಡಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಬಂದ. ಮೊಪೆಡ್ಡಿಗೆ ಹಾಕುವುದೂ ಆಯಿಲ್ ಬೆರೆಸಿದ ಪೆಟ್ರೋಲೇ. ಮಿಷಿನ್ನು ಕೇಳುವುದೂ ಅದನ್ನೇ, ಆಯಿಲ್ ಸ್ವಲ್ಪ ಹೆಚ್ಚು. ನಾನು ಹೋಗಿ ಅವನ ಗಾಡಿಯ ಪೆಟ್ರೋಲ್ ಪೈಪಿಗೆ ಕೈ ಹಾಕಿದೆ.

“ಅಕ್ಕಾ, ನಾನು ಊಟಿಗೆ ಹೆಂಗೆ ಹೋಗ್ಲಿ? ಹಾಲು ಒಡೆದೋದ್ರೆ ಯಾರು ಜವಾಬ್ದಾರಿ?” ಎಂದ.

“ಬಂಕ್ ಸೇರೋ ಅಷ್ಟು ಬಿಡ್ತೀನಿ. ಲೋಟ ಹಿಡ್ಕೊ,” ಎಂದೆ. ಹಿಡಿದುಕೊಂಡ.

ಮಿಷಿನ್ನಿನ ಟ್ಯಾಂಕನ್ನು ಪೂರ್ತಿ ಬಗ್ಗಿಸಿ, ಹೊಸ ಪೆಟ್ರೋಲಿನಿಂದ ಎರಡು ಸಲ ಕುಲುಕಿ ತೊಳೆದೆ. ಒಳಗಿನ ಫಿಲ್ಟರು ಬೆಲ್ಲದ ಪಾಕದಲ್ಲಿ ಬಿದ್ದಂತೆ ಅಂಟಂಟಾಗಿತ್ತು. ಗಂಡ ಸ್ಕ್ರೂ ಬಿಚ್ಚಿಕೊಟ್ಟ, ನಾನು ಕಾರ್ಬೊರೇಟರ್ ತೆರೆದೆ. ಅದರೊಳಗೆ ಒಂದು ತೆಳುವಾದ ರಬ್ಬರಿನ ಹಾಳೆ ಇರುತ್ತದೆ. ಎಂಜಿನ್ನಿಗೆ ಪೆಟ್ರೋಲು ಎಳೆದುಕೊಡುವುದು ಅದೇ. ಅದು ಹಪ್ಪಳದಂತೆ ಸೆಟೆದಿತ್ತು. ಬೆರಳಿನ ನಡುವೆ ಪೆಟ್ರೋಲಿನಲ್ಲಿ ಮೆಲ್ಲಗೆ ತೀಡುತ್ತ ಕೂತೆ. ಹರಿದರೆ ಮುಗಿಯಿತು, ಬೇರೆ ಸಿಗುವುದು ಕೊಯಮತ್ತೂರಿನಲ್ಲೇ ಸರಿ. ಪೆಟ್ರೋಲು ಹಾಯುವ ಸಣ್ಣ ತೂತೂ ಕಟ್ಟಿತ್ತು. ಯಾರೋ ಪಿನ್ನು ಚಾಚಿದರು. ಪಿನ್ನು ತೂರಿಸಿದರೆ ತೂತು ಅಗಲವಾಗುತ್ತದೆ ಎಂದು ಅಪ್ಪ ಎಷ್ಟು ಸಲ ಬೈದಿದ್ದರೋ. ಸೈಕಲ್ ಪಂಪು ತರಿಸಿ ಗಾಳಿ ಊದಿದೆ. ಈ ಹೊತ್ತಿಗೆ ಗೋಡೆಯ ಸಂದಿಯಿಂದ ದೊಡ್ಡವ್ವ, “ಮಲಗ್ಬುಡ್ತು,” ಎಂದರು. ನಾನು ಪಂಪನ್ನು ಇನ್ನೂ ಜೋರಾಗಿ ಒತ್ತಿದೆ.

ಎಲ್ಲ ಜೋಡಿಸಿ, ಪ್ಲಗ್ ಉಜ್ಜಿ, ಗಂಡನಿಗೆ ಕೊಟ್ಟೆ. ಐದನೆಯ ಎಳೆತಕ್ಕೆ ಒಂದು ಸಲ ಕೆಮ್ಮಿತು. ಏಳನೆಯದಕ್ಕೆ ಬಿಳಿ ಹೊಗೆ ಬಿಟ್ಟು ಕೂಗತೊಡಗಿತು. ಅಷ್ಟು ಚೆಂದದ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ತೊಲೆಗೆ ಊರೆಗೋಲು ಕೊಟ್ಟು, ಮೇಲಿನ ಕೊಂಬೆಗಳಿಂದ ಶುರುಮಾಡಿ, ಮರವನ್ನು ತುಂಡು ತುಂಡಾಗಿ ಇಳಿಸಿದರು. ಒಂದು ಗಂಟೆ ಹಿಡಿಯಿತು. ಹಸುವಿನ ಬೆನ್ನಿನ ಮೇಲೆ ಉದ್ದಕ್ಕೆ ತರಚಿತ್ತು, ಒಂದು ಕೊಂಬು ಮುರಿದಿತ್ತು. ಎದ್ದು ನಿಂತು, ನಾವು ಯಾರೂ ಅಲ್ಲವೆನ್ನುವಂತೆ ಎಲ್ಲರನ್ನೂ ದಾಟಿ ಹೋಗಿ ಕ್ಯಾರೆಟ್ ಸೊಪ್ಪಿಗೆ ಬಾಯಿ ಹಾಕಿತು. ಆಗ ದೊಡ್ಡವ್ವ ಅತ್ತರು. ಹಾಲಿನವನು ತಡವಾಯಿತೆಂದು ಗೊಣಗುವುದನ್ನೂ ಮರೆತು ನಿಂತಿದ್ದ.

ನಾಲ್ಕನೆಯ ದಿನ ಹೆಣ್ಣುಕರು ಹುಟ್ಟಿತು. ದೊಡ್ಡವ್ವ ಮೊದಲ ಗಿಣ್ಣು ಮಾಡಿ ನಮ್ಮ ಮನೆಗೆ ತಂದು ಅತ್ತೆಯ ಕೈಗೇ ಕೊಟ್ಟರು. ಅತ್ತೆ ಅದನ್ನು ತಟ್ಟೆಗೆ ಹಾಕಿ ಮೊದಲು ನನ್ನ ಮುಂದೆ ಇಟ್ಟರು. ಮರ ಬಿದ್ದ ದಿನದಿಂದ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು ನಡೆಯುತ್ತಿತ್ತು. “ನಾನು ಅಂಗೆ ಅನ್ನಬಾರದಿತ್ತು ಅತ್ತೆ,” ಎಂದೆ. “ತಿನ್ನು, ಆರೋಯ್ತದ,” ಎಂದರು.

ಕ್ಷಮಿಸಿದರೋ ಇಲ್ಲವೋ ತಿಳಿಯಲಿಲ್ಲ. ಮೂರು ತಿಂಗಳು ಅದೇ ಯೋಚನೆಯಲ್ಲಿದ್ದೆ. ಹಬ್ಬ ಬಂತು. ಮಿಷಿನ್ನನ್ನು ತೊಳೆದು ಈ ಸಲ ಅಂಗಳದಲ್ಲಿಟ್ಟರು. ಅತ್ತೆ ಕ್ಯಾನು ಎತ್ತುತ್ತಾರೆ, ನಾನು ಈ ಸಲ ಬಾಯಿ ಬಿಡಬಾರದು ಎಂದು ನಿಂತಿದ್ದೆ.

“ಬಾ ಇಲ್ಲಿ,” ಎಂದರು. “ಇದರ ಹೊಟ್ಟೇಲಿರೋದನ್ನ ತಗಿ. ಎಂಗೆ ತಗೀಬೇಕು ಅಂತ ನಿಂಗೇ ಗೊತ್ತು.”

ಹಿಂದಿನ ವಾರ ಸೌದೆ ಕೊಯ್ಯಲು ಗಂಡ ಹಾಕಿದ್ದ ಪೆಟ್ರೋಲು ಅದರಲ್ಲಿತ್ತು. ಟ್ಯಾಂಕು ಬಗ್ಗಿಸಿದೆ. ಆಮೇಲೆ ಗಂಡನಿಂದ ಚಾಲೂ ಮಾಡಿಸಿ, ಕಾರ್ಬೊರೇಟರಿನಲ್ಲಿ ಉಳಿದದ್ದೂ ಮುಗಿದು ಅದು ತಾನಾಗಿ ನಿಲ್ಲುವವರೆಗೆ ಓಡಿಸಿದೆವು. ಸದ್ದು ಸಣ್ಣಗಾಗಿ ನಿಂತಾಗ ಅತ್ತೆ ಒಳಗೆ ಹೋಗಿ ಒಂದು ತಂಬಿಗೆ ತಂದು ಮಿಷಿನ್ನಿನ ಮುಂದೆ ಇಟ್ಟರು. ಬಾಯಿಮಟ್ಟ ಹಾಲು. ಮುರಿದ ಕೊಂಬಿನ ಹಸುವಿನದು. ದೊಡ್ಡವ್ವನ ಮನೆಗೆ ಹೋಗಿ ತಾವೇ ಕೇಳಿ ತಂದಿದ್ದರು.

“ಹಬ್ಬದ ದಿವ್ಸ ಇದರ ಮುಂದ ಏನಾದ್ರೂ ತುಂಬಿರಬೇಕು. ಇದೇ ಇರ್ಲಿ,” ಎಂದರು. ಕರ್ಪೂರ ಕೈಗೆ ತೆಗೆದುಕೊಂಡವರು ನಿಂತು ನನ್ನ ಕಡೆ ನೋಡಿದರು. “ಮೊದ್ಲು ಆ ಪೆಟ್ರೋಲ್ ಆಚೆ ಇಡವ್ವ. ಇಷ್ಟೆಲ್ಲಾ ಗೊತ್ತದ, ಇದು ಗೊತ್ತಿಲ್ವಾ?”

ಗಂಡ ಈ ಸಲ ಚಾವಣಿ ನೋಡಲಿಲ್ಲ, ಜೋರಾಗಿ ನಕ್ಕ. ಅಂಗಳದಲ್ಲಿ ಚಾವಣಿಯೂ ಇರಲಿಲ್ಲ.

ಬಗ್ಗಿಸಿದ ಪೆಟ್ರೋಲನ್ನು ಅತ್ತೆ ಹಾಲಿನವನ ಮೊಪೆಡ್ಡಿಗೆ ಹಾಕಿಸಿದರು, ಪ್ರಸಾದ ಎಂದು ಹೇಳಿ. ಅಲ್ಲಿಂದಾಚೆಗೆ ಪ್ರತಿ ಆಯುಧಪೂಜೆಯ ಬೆಳಿಗ್ಗೆ ಅವನು ನಮ್ಮ ಮನೆಯ ಮುಂದೆ ಟ್ಯಾಂಕಿನ ಮುಚ್ಚಳ ತೆಗೆದುಕೊಂಡೇ ಬಂದು ನಿಲ್ಲುತ್ತಿದ್ದ. ನಾನು ಬಗ್ಗಿಸುತ್ತಿದ್ದೆ. ಅತ್ತೆ ತಂಬಿಗೆ ಹಿಡಿದು, ನನ್ನ ಕೆಲಸ ಮುಗಿಯಲೆಂದು ಕಾಯುತ್ತಿದ್ದರು.