ಹನ್ನೊಂದು ಜನ ಚೌರಪ್ಪಂದಿರು

ನಮ್ಮ ಯಜಮಾನರು ಇನ್ನಾಸಪ್ಪನವರು ಮೂವತ್ತೆಂಟು ವರ್ಷದಿಂದ ಊರಿನ ಚರ್ಚಿನ ಉಪದೇಶಿ. ಪಾದ್ರಿ ಸ್ವಾಮಿಗಳು ಬರದ ದಿನ ಜಪ ನಡೆಸುವುದು, ಮಕ್ಕಳಿಗೆ ಪ್ರಾರ್ಥನೆ ಕಲಿಸುವುದು, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಓಡುವುದು, ಎಲ್ಲಕ್ಕೂ ಇವರೇ. ಹೊಟ್ಟೆಪಾಡಿಗೆ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಗೇಟು ಕಾದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಾರೆ. ಆದರೆ ಯಾರು ಏನು ಕೇಳಿದರೂ 'ಆಗ್ಲಿ' ಅಂದುಬಿಡುತ್ತಾರೆ. ಆ ಒಂದು ಮಾತಿಗೇ ನನ್ನ ತಲೆಕೂದಲು ಅರ್ಧ ಬೆಳ್ಳಗಾಗಿದೆ.

ಈ ವರ್ಷ ಚರ್ಚಿಗೆ ನೂರು ತುಂಬಿತು. ಊರು ಬಿಟ್ಟವರೆಲ್ಲ ಎರಡು ದಿನ ಬಂದು ಸೇರಬೇಕೆಂದು ವಾಟ್ಸಾಪಿನಲ್ಲಿ ಕರೆ ಹೋಯಿತು. ಶನಿವಾರ ಹಾಡು, ಆಟ. ಭಾನುವಾರ ಪೂಜೆ, ಆಮೇಲೆ ಸಮಾಧಿಗಳ ಹತ್ತಿರ ಹೆಸರು ಕೂಗುವುದು, ಕೊನೆಗೆ ಬಾಡೂಟ.

ಹೆಸರು ಕೂಗುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಉಪದೇಶಿ ತೀರಿಕೊಂಡವರ ಹೆಸರು ಓದಿದರೆ, ಆ ಮನೆಯವರು 'ಇದ್ದೀವಿ' ಎಂದು ಮೇಣದಬತ್ತಿ ಹಿಡಿದು ಎದ್ದು ಬರಬೇಕು. ಸ್ವಾಮಿಗಳು ಆ ಒಬ್ಬರಿಗಾಗಿಯೇ ಒಂದು ಜಪ ಹೇಳುತ್ತಾರೆ. ಹೆಸರು ಬರದ ಆತ್ಮ ಇನ್ನೊಂದು ವರ್ಷ ಬಾಗಿಲ ಹೊರಗೇ ನಿಂತಿರುತ್ತದೆ ಎನ್ನುತ್ತಾರೆ ಮುದುಕಿಯರು.

ಶುಕ್ರವಾರ ಮದಲೆಮ್ಮ ಕೋಲೂರಿಕೊಂಡು ಮನೆಗೆ ಬಂದಳು. ಅವಳ ಒಬ್ಬನೇ ಮಗ ಚೌರಪ್ಪ ತೀರಿಹೋಗಿ ಏಳು ತಿಂಗಳು.

"ಇನ್ನಾಸಪ್ಪ, ನನ್ ಮಗನ್ ಹೆಸ್ರು ಈ ಸತಿ ಕೂಗ್ತೀಯೇನಪ್ಪ? ಅವ್ನಿಗೆ ನನ್ ಬುಟ್ರೆ ಇನ್ಯಾರವ್ರೆ?"

"ಆಗ್ಲಿ ಕಣವ್ವ" ಎಂದರು ಇವರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಶನಿವಾರ ಉತ್ಸವ ಸಮಿತಿಯ ಅಧ್ಯಕ್ಷ ಸಗಾಯರಾಜು ಬಂದ. ರಾಮನಗರದಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ಊರಿನ ಸಂತನ ಹೆಸರೆಂದು ನಮ್ಮಲ್ಲಿ ಮನೆಗೊಬ್ಬ ಚೌರಪ್ಪ. ಗುರುತಿಗೆ ಅಡ್ಡಹೆಸರು ಬೇಕೇ ಬೇಕು: ಗಾಣದ ಚೌರಪ್ಪ, ಮೆಳ್ಳೆಗಣ್ಣು ಚೌರಪ್ಪ. ಸಗಾಯರಾಜುವಿನ ಅಪ್ಪ ಗೊರಕೆ ಚೌರಪ್ಪ. ಮದಲೆಮ್ಮನ ಮಗ ಹುಡುಗಾಟದಲ್ಲಿ ಎರಡು ಕೋಳಿ ಕದ್ದು ಕೋಳಿಕಳ್ಳನಾದ. ಆಮೇಲೆ ಮೂವತ್ತು ವರ್ಷ ಮೈಮುರಿದು ದುಡಿದರೂ ಆ ಹೆಸರು ಅವನನ್ನು ಬಿಡಲಿಲ್ಲ. ಹಾಗೆಂದವರ ಮನೆಮುಂದೆ ನಿಂತು ಮದಲೆಮ್ಮ ಮಣ್ಣು ತೂರಿ ಶಾಪ ಹಾಕಿದ್ದನ್ನು ನಾನೇ ನೋಡಿದ್ದೇನೆ.

"ವಿಡಿಯೊ ಬೇರೆ ತೆಗೀತಾವ್ರೆ ಉಪದೇಶಿಗಳೇ. ಗೊರಕೆ, ಮೆಳ್ಳೆಗಣ್ಣು ಎಲ್ಲಾ ಬ್ಯಾಡ. ಸತ್ತೋರ್ನ ಮರ್ವಾದೆಯಾಗಿ ಬರೀ ಹೆಸ್ರಲ್ಲಿ ಕರೀರಿ" ಎಂದು ಕಂಪ್ಯೂಟರಿನಲ್ಲಿ ಹೊಡೆಸಿದ ಪಟ್ಟಿ ಕೊಟ್ಟ.

"ಆಗ್ಲಿ" ಎಂದರು ಇವರು!

ನನಗೆ ಮೈಯೆಲ್ಲ ಉರಿಯಿತು. "ಅಲ್ಲಾ, ಪಟ್ಟೀಲಿ ಹನ್ನೊಂದ್ ಜನ ಚೌರಪ್ಪಂದಿರವ್ರೆ. ಯಾರು ಯಾರ ಮನೆಯೋರು ಅಂತ ಹೆಂಗ್ ಗೊತ್ತಾಯ್ತದೆ?"

"ದೇವ್ರಿಗೆ ಗೊತ್ತಾಯ್ತದೆ ಬುಡು."

"ದೇವ್ರಿಗಾಯ್ತದೆ. ಊರೋರ್ಗೆ?"

ಅವರು ಕನ್ನಡಕ ಒರೆಸಿಕೊಂಡರು. ಕೋಣನ ಮುಂದೆ ಕಿನ್ನರಿ ಬಾರಿಸಿ ನನಗೂ ಸಾಕಾಗಿತ್ತು.

ಭಾನುವಾರ ಪೂಜೆ ಸಾಂಗವಾಗಿ ಮುಗಿಯಿತು. ಸಮಾಧಿಗಳ ಹತ್ತಿರ ಅಂತೋಣಿಯ ಮನೆಯವರು, ಅರುಳಪ್ಪನ ಮನೆಯವರು ಎಲ್ಲ ಸರಿಯಾಗಿಯೇ ಎದ್ದು ಬಂದರು. ಆಮೇಲೆ ಇವರು "ಚೌರಪ್ಪ" ಎಂದರು ನೋಡಿ, ಹನ್ನೊಂದು ಮನೆಯವರೂ ಒಟ್ಟಿಗೆ "ಇದ್ದೀವಿ" ಎಂದು ಎದ್ದುಬಿಟ್ಟರು.

"ಇದು ನಮ್ಮಪ್ಪಂದು, ಕುಂತ್ಕೊಳ್ಲಾ!"

"ನಿಮ್ಮಪ್ಪಂದು ಅಂತ ಅಲ್ಲಿ ಬರ್ದೈತೇನ್ಲಾ?"

ಬೆಂಗಳೂರಿನಿಂದ ಬಂದ ಸೊಸೆಯೊಬ್ಬಳ ಸೆರಗಿಗೆ ಬತ್ತಿ ತಾಗಿ ಕಿರುಚಾಟವಾಯಿತು. ಸ್ವಾಮಿಗಳು ಪುಸ್ತಕ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತರು. ಅತ್ತ ಊಟದ ಪಂಕ್ತಿಗೆ ಎಲೆ ಹಾಕುತ್ತಿದ್ದವರು ಕೆಲಸ ಬಿಟ್ಟು ಜಗಳ ನೋಡಲು ಬಂದರು. ನಮ್ಮ ಯಜಮಾನರು ಪಟ್ಟಿಯನ್ನೇ ನೋಡುತ್ತ ನಿಂತಿದ್ದರು. ಅವರ ಕೈಯಿಂದ ಅದನ್ನು ಕಿತ್ತು ಹರಿಯಬೇಕೆನ್ನಿಸಿತು.

"ಚೌರಪ್ಪಂದಿರ್ಗೆಲ್ಲಾ ಸೇರ್ಸಿ ಒಂದೇ ಜಪ ಹೇಳ್ಬುಡಿ ಸ್ವಾಮಿ, ಹೊತ್ತಾಯ್ತು" ಎಂದ ಸಗಾಯರಾಜು.

ಅಷ್ಟರಲ್ಲಿ ಜನರ ನಡುವೆ ತಳ್ಳಿಸಿಕೊಂಡು, ತಡವರಿಸಿಕೊಂಡು ಮದಲೆಮ್ಮ ಬಂದಳು. ಅವಳ ಬತ್ತಿ ನೂಕಾಟದಲ್ಲಿ ಮುರಿದು ಕೈಯಲ್ಲಿ ಅರ್ಧ ಉಳಿದಿತ್ತು. ಇವರ ತೋಳು ಹಿಡಿದುಕೊಂಡಳು.

"ಇನ್ನಾಸಪ್ಪ, ನನ್ ಮಗನ್ನ ಕೋಳಿಕಳ್ಳ ಅಂತ್ಲೇ ಕೂಗಪ್ಪ. ಅಂಗಂದ್ರೆ ಇನ್ಯಾರೂ ಏಳಾಕಿಲ್ಲ."

ಗಲಾಟೆ ನಿಂತಿತು. ಇವರು ಪಟ್ಟಿ ಮಡಿಸಿ ಜೇಬಿಗಿಟ್ಟುಕೊಂಡು, ಅವಳು ಹೇಳಿದಂತೆಯೇ ಕೂಗಿದರು. ಅಷ್ಟು ಜನರಲ್ಲಿ ಒಬ್ಬರೂ ನಗಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅದರ ಮೇಲೆ ಅಳು ಬೇರೆ ಬಂತು.

"ಇದ್ದೀನಿ" ಎಂದು ಮದಲೆಮ್ಮ ಒಬ್ಬಳೇ ಮುಂದೆ ಹೋದಳು.