ಕೂಡಿಸಿದ ಎರಡು ಹಾರ್ಡ್‌ಡಿಸ್ಕ್

ಮೊನ್ನೆ ರೋಣದ ನನ್ನ ಅಂಗಡಿಗೆ ಒಬ್ಬರು ಹಳೆಯ ಕಂಪ್ಯೂಟರ್ ತಂದಿಟ್ಟರು. ಡಬ್ಬಿ ಬಿಚ್ಚಿ ಚಾಲೂ ಮಾಡಿದರೆ ಕಾದ ಧೂಳಿನ ವಾಸನೆ. "ಎರಡ ಹಾರ್ಡ್‌ಡಿಸ್ಕ್ ಅದಾವ್ರಿ ಅಕ್ಕಾರ. ಎರಡೂ ಕೂಡಿಸಿ ಒಂದ ಮಾಡಿಬಿಡ್ರಿ, ಭಾಳ ಜೋರ ಓಡತೈತಂತ" ಅಂದರು. ಆ ವಾಸನೆ, ಆ ಮಾತು... ಗಜೇಂದ್ರಗಡದ ವಿಡಿಯೋ ಚಾಚಾ ಎದುರಿಗೇ ಬಂದು ಕೂತಂತಾಯಿತು.

ಕಂಪ್ಯೂಟರ್ ಕೋರ್ಸ್ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಅವರ ಹತ್ತಿರ. ಮದುವೆ ವಿಡಿಯೋ ಅವರು ತೆಗೆಯುತ್ತಿದ್ದರು, ನಾನು ಎಡಿಟ್ ಮಾಡುತ್ತಿದ್ದೆ. ನಮ್ಮ ಕಡೆ ತಾಳಿ ಕಟ್ಟುವುದು ಒಂದು ಗಳಿಗೆ, ಆಹೇರಿ ಕೊಡುವುದು ಒಪ್ಪತ್ತು. ಸೀರೆ, ಪಾತ್ರೆ ಕೊಟ್ಟ ಒಬ್ಬೊಬ್ಬರ ಮುಖವೂ ವಿಡಿಯೋದಲ್ಲಿ ಕಾಣಬೇಕು. ಒಬ್ಬರನ್ನು ಕತ್ತರಿಸಿದರೂ ಬೀಗರ ನಡುವೆ ಜಗಳ. ಅಷ್ಟುದ್ದದ ವಿಡಿಯೋ ಹೊತ್ತು ನಮ್ಮ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು.

ಚಾಚಾ ಎರಡನೇ ಹಾರ್ಡ್‌ಡಿಸ್ಕ್ ತಂದರು. ಒಬ್ಬಳು ರೊಟ್ಟಿ ಬಡಿದು ಇನ್ನೊಬ್ಬಳು ಬೇಯಿಸುವ ಹಾಗೆ, ಒಂದರಿಂದ ಓದಿ ಇನ್ನೊಂದಕ್ಕೆ ಬರೆಯಲು ಬೇರೆ ಬೇರೆ ಇಡೋಣವೆಂದೆ. ಅವರಿಗೆ ಅದು ಸಾಲದು. ಎರಡನ್ನೂ ಕೂಡಿಸಿ, ಪ್ರತಿ ವಿಡಿಯೋವನ್ನು ಚೂರು ಮಾಡಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಬರೆಯುವ ಪದ್ಧತಿಯೇ ಬೇಕು. ಅದರ ಓಟವೇ ಬೇರೆ.

"ಒಂದ ಹೋದ್ರ ಎರಡೂ ಹೋದಂಗ್ರಿ ಚಾಚಾ" ಅಂದೆ.

"ಗಿರಾಕಿಗೆ ಸಿಡಿ ಕೊಟ್ಟಮ್ಯಾಲ ನಮ್ಮಲ್ಲಿ ಉಳಿಯೂದು ಬರೇ ರದ್ದಿ ಅಲ್ಲೇನವಾ? ಹೋದ್ರ ಹೋಗ್ಲಿ ತಗೊ" ಅಂತ ನಕ್ಕರು.

ಆ ರದ್ದಿಯಲ್ಲಿ ಚಾಚಾರ ಹೆಂಡತಿ, ನಮ್ಮ ಚಾಚಿ ಇದ್ದರು. ಅರಿಷಿಣ ಹಚ್ಚುವ ಕೋಣೆಗೆ ಚಾಚಾ ಕ್ಯಾಮೆರಾ ಹಿಡಿದು ಹೋದರೆ ಹೆಂಗಸರಿಗೆ ಸಂಕೋಚವೆಂದು ಚಾಚಿಯೂ ಜೊತೆಗೆ ಹೋಗಿ ಲೈಟು ಹಿಡಿಯುತ್ತಿದ್ದರು. ಜಕ್ಕಲಿಯ ಒಂದು ಮದುವೆಯಲ್ಲಿ ಚಾಚಾ ಕ್ಯಾಮೆರಾವನ್ನು ಅವರತ್ತಲೇ ತಿರುಗಿಸಿದ್ದರು. ಚಾಚಿ ಸೆರಗಿನಿಂದ ಮುಖ ಮುಚ್ಚಿಕೊಂಡು ಒಂದು ಮಾತು ಅಂದಿದ್ದರು. ಗಿರಾಕಿಯ ವಿಡಿಯೋದಲ್ಲಿ ನಮ್ಮ ಮನೆಯವರು ಬರಬಾರದು ಅನ್ನುವುದು ಚಾಚಾ ಇಟ್ಟ ಕಟ್ಟಪ್ಪಣೆ. ಗಿರಾಕಿಯ ಸಿಡಿಯಿಂದ ಆ ತುಣುಕನ್ನು ತೆಗೆದುಹಾಕಿದೆ. ಕತ್ತರಿಸುವ ಜಾಗ ಹಿಡಿಯಲು ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದ್ದೆ. ಕ್ಯಾಮೆರಾದ ಟೇಪಿನ ಮೇಲೆ ಮುಂದಿನ ಮದುವೆ ತುಂಬಿತು, ಆ ತುಣುಕು ನಮ್ಮ ಡಿಸ್ಕಿನಲ್ಲಷ್ಟೇ ಉಳಿಯಿತು.

ಕೆಲ ಕಾಲದಲ್ಲೇ ಒಂದು ಡಿಸ್ಕ್ ಕೆಟ್ಟಿತು. ಸಿಡಿಗಳೆಲ್ಲ ಗಿರಾಕಿಗಳ ಕೈ ಸೇರಿದ್ದರಿಂದ ಯಾರೂ ಮರುಗಲಿಲ್ಲ. ಮರುವರ್ಷ ಚಾಚಿ ಜ್ವರ ಬಂದು ತೀರಿಕೊಂಡರು. ದವಾಖಾನೆಗೆ ಒಯ್ಯುವಷ್ಟೂ ಪುರಸತ್ತು ಕೊಡಲಿಲ್ಲ.

ಆಮೇಲೆ ಚಾಚಾ, ಚಾಚಿಯ ಆ ತುಣುಕು ಹುಡುಕಲು, ಚೆನ್ನಾಗಿ ಉಳಿದಿದ್ದ ಡಿಸ್ಕನ್ನು ಜೋಡಿಸಿ ಕೂತರು. ಅದರಲ್ಲಿದ್ದುದು ಬರೀ ಅರ್ಧ ಚೂರುಗಳು. ಅರ್ಧದಿಂದ ಒಂದು ನಗುವೂ ಹೊರಡುವುದಿಲ್ಲ... ಕೆಟ್ಟದ್ದನ್ನು ಗದಗಿನಲ್ಲಿ ಬಲ್ಲವರಿಗೂ ತೋರಿಸಿದರು, ಅದು ಏಳಲಿಲ್ಲ. ಮನೆಯಲ್ಲಿ ಚಾಚಿಯ ಫೋಟೋ ಇತ್ತು, ದನಿ ಎಲ್ಲಿಯೂ ಇರಲಿಲ್ಲ. ನನಗೆ ಚಾಚಾರ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು.

"ನೀ ಕೇಳೀದಿ ಅಲ್ಲೇನವಾ... ಆಕಿ ಏನಂದಿದ್ಲು?" ಎಂದು ಒಂದು ದಿನ ಕೇಳಿದರು.

ನಾನು ಚಾಚಿಯ ಧಾಟಿಯಲ್ಲೇ ಅಂದೆ: "ಅಯ್ಯ, ನನ್ನ ಯಾಕ ತಗೀತೀರಿ? ಮದುಮಗಳು ಅಲ್ಲಿ ಕುಂತಾಳ ನೋಡ್ರಿ!"

ಕಣ್ಣು ಮುಚ್ಚಿ ಕೇಳಿದರು. "ತಗೀತೀರಿ ಅನ್ನೂಮುಂದ ಆಕಿ ನಕ್ಕಿದ್ಲು" ಎಂದು ತಿದ್ದಿದರು. ನಕ್ಕು ಮತ್ತೆ ಅಂದೆ. ಅಲ್ಲಿಂದ ಅದೊಂದು ರೂಢಿಯೇ ಆಯಿತು. ಚಹಾ ಕುಡಿಯುವಾಗ, ಕೆಲಸದ ನಡುವೆ, "ಇನ್ನೊಮ್ಮೆ ಅನ್ನವಾ" ಅನ್ನುತ್ತಿದ್ದರು. ನಾನು ಮದುವೆಯಾಗಿ ರೋಣಕ್ಕೆ ಬಂದ ಮೇಲೂ ಫೋನ್ ಮಾಡಿ, ಕ್ಷೇಮ ವಿಚಾರಿಸಿ ಸುಮ್ಮನಾಗುತ್ತಿದ್ದರು. ಯಾಕೆಂದು ನನಗೆ ಗೊತ್ತಿರುತ್ತಿತ್ತು...

ಈಗ ಚಾಚಾ ಇಲ್ಲ. ಅವರ ಫೋನಿಗಾಗಿ ಈಗಲೂ ಜೀವ ಹಂಬಲಿಸುತ್ತದೆ. ಮೊನ್ನೆಯ ಗಿರಾಕಿಗೆ ತಿಳಿಸಿ ಹೇಳಿ, ಎರಡು ಡಿಸ್ಕನ್ನೂ ಬೇರೆ ಬೇರೆಯಾಗಿಯೇ ಜೋಡಿಸಿಕೊಟ್ಟೆ. ಅವರು ಹೋದ ಮೇಲೆ, ಅಂಗಡಿಯಲ್ಲಿ ಯಾರೂ ಇಲ್ಲದ್ದು ನೋಡಿ, ಚಾಚಿಯ ಮಾತನ್ನು ಗಟ್ಟಿಯಾಗಿ ಒಮ್ಮೆ ಅಂದೆ. ನಗು ಸರಿಯಾದ ಜಾಗಕ್ಕೆ ಬಂತೋ ಇಲ್ಲವೋ, ತಿದ್ದುವವರು ಯಾರೂ ಇರಲಿಲ್ಲ.